ಮರದ ವಿಮಾನದೊಳಗೆ ಒಂದು ಇಂಚಿನ ಮನುಷ್ಯ

ಭಾನುವಾರ ಫಜ್ರ್ ನಮಾಝ್ ಮುಗಿಸಿ ಚಹಾ ಕುಡಿದ ಕೂಡಲೇ ನಮ್ಮ ಮಾವನವರು ಮಹಡಿ ಹತ್ತುತ್ತಾರೆ. ವಿಜಯನಗರದ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅವರದೊಂದು ಹಳೆಯ ಮೇಜು ಇದೆ. ಅವರ ಹಿಂದೆ ಏಳನೇ ತರಗತಿಯ ನನ್ನ ಮಗ ಓಡುತ್ತಾನೆ, ಅವನ ಹಿಂದೆ ನಾಲ್ಕನೇ ತರಗತಿಯ ಮಗಳು. ಸ್ವಲ್ಪ ಹೊತ್ತಿನಲ್ಲೇ ಮರಕ್ಕೆ ಉಪ್ಪುಕಾಗದ ಉಜ್ಜುವ ಸದ್ದು ಅಡುಗೆ ಮನೆಗೆ ಕೇಳಿಸತೊಡಗುತ್ತದೆ. ಮಧ್ಯಾಹ್ನ ಊಟಕ್ಕೆ ಇಳಿದು ಬರುವಾಗ ಮೂವರ ತಲೆಯಲ್ಲೂ ಮರದ ಹೊಟ್ಟು!

ಅವರು ಅಲ್ಲಿ ಮಾಡುತ್ತಿರುವುದು ಹಿಂದಿನ ಯುದ್ಧಗಳಲ್ಲಿ ಹಾರಿದ ವಿಮಾನಗಳ ಪುಟ್ಟ ಮಾದರಿಗಳನ್ನು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾಡುವಂಥದ್ದಲ್ಲ, ಮರದ ತುಂಡಿನಿಂದ ಕೆತ್ತಿ ತೆಗೆಯುವಂಥದ್ದು. ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಇದು ಸ್ವಲ್ಪವೂ ಹಿಡಿಸಿರಲಿಲ್ಲ. ಕುದುರೆ ಮಾಡಲಿ, ಎತ್ತಿನ ಗಾಡಿ ಮಾಡಲಿ, ಬಾಂಬು ಹಾಕುವ ವಿಮಾನವೇ ಏಕೆ ಎಂದು ಯಜಮಾನರಲ್ಲಿ ಗೊಣಗಿದ್ದೂ ಉಂಟು. ಉರುಳಿದ ಮನೆಯ ಕಲ್ಲುಮಣ್ಣಿನಡಿ ಮಗುವನ್ನು ಹುಡುಕುವ ತಾಯಂದಿರನ್ನು ಟಿ.ವಿ.ಯಲ್ಲಿ ಕಂಡ ಯಾವ ಹೆಣ್ಣಿಗೆ ತಾನೇ ಯುದ್ಧವಿಮಾನವು ಆಟಿಕೆಯಾಗಿ ಕಂಡೀತು? ಆದರೆ ಒಂದು ವರ್ಷ ಆ ಮೇಜಿನ ಪಕ್ಕಕ್ಕೆ ಚಹಾ ಕೊಂಡೊಯ್ದು ಕೊಟ್ಟ ನನಗೂ ಅಲ್ಲಿಂದ ಕೆಲವು ಪಾಠಗಳು ಸಿಕ್ಕಿದವು. ಅವನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಕಬ್ಬಿಣಕ್ಕಿಂತ ಮೊದಲು ಮರ

ನಮ್ಮ ಮಾವನವರು ಬಡಗಿಯಲ್ಲ. ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವ ಕೆಲಸದಲ್ಲಿದ್ದವರು. ಈ ಕೆಲಸದ ಹೆಸರು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಪಂಪಿನ ಭಾಗವನ್ನೋ ಯಂತ್ರದ ಚಕ್ರವನ್ನೋ ಕಬ್ಬಿಣದಲ್ಲಿ ಎರಕ ಹೊಯ್ಯುವ ಮೊದಲು ಅದೇ ಆಕಾರದ ವಸ್ತುವನ್ನು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಉಳಿಯುತ್ತದೆ. ಆ ಅಚ್ಚಿಗೆ ಕಾಯಿಸಿದ ಕಬ್ಬಿಣ ಸುರಿಯುತ್ತಾರೆ. ಕಬ್ಬಿಣ ಆರಿದಾಗ ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ ಮರದ ಪ್ಯಾಟರ್ನ್ ಅಷ್ಟೇ ದೊಡ್ಡದಾಗಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಎರಕವೆಲ್ಲ ಹಾಳು.

ಹೀಗೆ ಜೀವನವಿಡೀ ಮರದಲ್ಲಿ ಮಾಡಿದ ವಸ್ತುವು ಕಬ್ಬಿಣವಾಗಿ ಹೊರಟುಹೋಗುವುದನ್ನು ನೋಡಿದವರಿಗೆ ನಿವೃತ್ತಿಯ ನಂತರ ಕೈ ಸುಮ್ಮನಿರಲಿಲ್ಲ. ಮೊಮ್ಮಗನ ಪುಸ್ತಕದಲ್ಲಿದ್ದ ವಿಮಾನದ ಚಿತ್ರವೊಂದು ನೆಪವಾಯಿತು, ಅಷ್ಟೇ.

ಆಲೆ ಮರದ ತುಂಡು

ಮೊದಲ ವಿಮಾನವನ್ನು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಿಂದ ತಂದ ತೇಗದ ಚೂರಿನಿಂದ ಮಾಡಲು ಹೋದರು. ಮಗನ ಎಳೆಯ ಕೈಗೆ ತೇಗ ಬಗ್ಗಲಿಲ್ಲ. ಆಗ ಮಾವನವರಿಗೆ ಚನ್ನಪಟ್ಟಣ ನೆನಪಾಯಿತು. ಒಂದು ದಿನ ಕೆಂಗೇರಿಯಿಂದ ರೈಲು ಹತ್ತಿ ಎಲ್ಲರೂ ಹೋದೆವು.

ಚನ್ನಪಟ್ಟಣದ ಬೊಂಬೆಗಳ ಬಗ್ಗೆ ತಿಳಿಯದವರಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಇಲ್ಲಿ ಈ ಕಲೆಯನ್ನು ಕಲಿಸಿದರೆಂಬ ಮಾತು ರೂಢಿಯಲ್ಲಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ಇಲ್ಲಿಗೆ ತಂದ ಬಾವಾಸ್ ಮಿಯಾ ಅವರನ್ನು ಈ ಕಸುಬಿನ ಪಿತಾಮಹ ಎಂದೇ ಗೌರವಿಸುತ್ತಾರೆ. ಇಂದಿಗೂ ಇಲ್ಲಿನ ಅನೇಕ ಮುಸ್ಲಿಮ್ ಕುಟುಂಬಗಳ ಅನ್ನ ಈ ಕಸುಬಿನಿಂದಲೇ. ಲೇತ್‌ನಲ್ಲಿ ಗರಗರ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಅದು ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ಅದರ ಮೇಲೆ ಒಣಗಿದ ಗರಿ ಹಿಡಿದು ಹೊಳಪು ಕೊಡುತ್ತಾರೆ.

ಈ ಬೊಂಬೆಗಳಿಗೆ ಬಳಸುವುದು ಆಲೆ ಮರ. ಹಾಲೆ ಎಂದೂ ಕರೆಯುತ್ತಾರೆ. ಬೆಳ್ಳಗೆ, ಮೃದುವಾಗಿ, ನಯವಾದ ಎಳೆಯಿರುವ ಮರ. ಅಂಥ ನಾಲ್ಕಾರು ತುಂಡುಗಳನ್ನು ಕೊಂಡು ತಂದೆವು. ಆದರೆ ಒಂದು ವ್ಯತ್ಯಾಸವಿದೆ. ಲೇತ್ ದುಂಡಗಿನದನ್ನು ಮಾತ್ರ ಕೊಡುತ್ತದೆ. ವಿಮಾನದ ಮೈ ಸ್ವಲ್ಪಮಟ್ಟಿಗೆ ದುಂಡಗಿದ್ದರೂ ರೆಕ್ಕೆ ಹಾಗಲ್ಲ. ಮುಂದೆ ದಪ್ಪ, ಹಿಂದೆ ತೆಳು, ಮೇಲೆ ಉಬ್ಬು, ತುದಿಗೆ ಹೋದಂತೆ ಸಣ್ಣ. ಅದನ್ನು ಕೈಯಿಂದಲೇ ಮಾಡಬೇಕು.

ಎಪ್ಪತ್ತೆರಡರಲ್ಲಿ ಒಂದು ಪಾಲು

ಇಂಥ ಮಾದರಿಗಳಿಗೆ ಪ್ರಪಂಚದಾದ್ಯಂತ ಹೆಚ್ಚಾಗಿ ಬಳಸುವ ಅಳತೆ ಎಪ್ಪತ್ತೆರಡರಲ್ಲಿ ಒಂದು. ಅಂದರೆ ನಿಜವಾದ ವಿಮಾನದ ಆರು ಅಡಿ ಇಲ್ಲಿ ಒಂದು ಇಂಚು. ಎರಡನೇ ಮಹಾಯುದ್ಧದ ಪ್ರಸಿದ್ಧ ಸ್ಪಿಟ್‌ಫೈರ್ ವಿಮಾನದ ಉದ್ದ ಸುಮಾರು ಮೂವತ್ತು ಅಡಿ. ಮಾದರಿಯಲ್ಲಿ ಐದು ಇಂಚು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ಮೂವತ್ತೇಳು ಅಡಿ. ಮಾದರಿಯಲ್ಲಿ ಆರು ಇಂಚಿಗೆ ಸ್ವಲ್ಪ ಹೆಚ್ಚು. ಗಣಿತವೆಂದರೆ ಮುಖ ಸಿಂಡರಿಸುತ್ತಿದ್ದ ನನ್ನ ಮಗ ಈಗ ಅಡಿಯನ್ನು ಇಂಚಿಗೆ, ಮೀಟರನ್ನು ಸೆಂಟಿಮೀಟರಿಗೆ ಬಾಯಲ್ಲೇ ಇಳಿಸುತ್ತಾನೆ.

ಕೆಲಸದ ಕ್ರಮ ಹೀಗಿದೆ. ಮೊದಲು ವಿಮಾನವನ್ನು ಪಕ್ಕದಿಂದ ನೋಡಿದ ಚಿತ್ರ ಮತ್ತು ಮೇಲಿನಿಂದ ನೋಡಿದ ಚಿತ್ರವನ್ನು ಅಳತೆಗೆ ಸರಿಯಾಗಿ ಬರೆದು, ರಟ್ಟಿಗೆ ಅಂಟಿಸಿ ಕತ್ತರಿಸಬೇಕು. ರಟ್ಟನ್ನು ಮರದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಗೆರೆಯ ಹೊರಗೆ ಸ್ವಲ್ಪ ಜಾಗ ಬಿಟ್ಟು ಗರಗಸದಿಂದ ಕೊಯ್ಯಬೇಕು. ಆಮೇಲೆ ಚಾಕು, ಉಳಿ, ಅರ. ಕೊನೆಯಲ್ಲಿ ಉಪ್ಪುಕಾಗದ; ಮೊದಲು ಒರಟಾದದ್ದು, ಬಳಿಕ ನಯವಾದದ್ದು. ರೆಕ್ಕೆಯನ್ನು ಮೈಗೆ ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟು ಸಂದಿಗಳನ್ನು ಮರದ ಪುಡಿ ಮತ್ತು ಅಂಟಿನಿಂದ ತುಂಬಬೇಕು. ಬಣ್ಣ ಬಳಿಯುವುದು ಎಲ್ಲಕ್ಕಿಂತ ಕೊನೆಗೆ. ಒಂದು ವಿಮಾನಕ್ಕೆ ಆರೇಳು ಭಾನುವಾರಗಳು ಬೇಕು. ಬಟನ್ ಒತ್ತಿದ ತಕ್ಷಣ ಎಲ್ಲವೂ ಸಿಗಬೇಕೆನ್ನುವ ಮಕ್ಕಳಿಗೆ ಇದೇ ದೊಡ್ಡ ಶಿಕ್ಷಣ. ಹೆಚ್ಚು ಕೆತ್ತಿದ ಮರವನ್ನು ಮತ್ತೆ ಸೇರಿಸಲಾಗದು. ಮಗ ಎರಡು ರೆಕ್ಕೆಗಳನ್ನು ಹಾಳು ಮಾಡಿ ಅತ್ತು, ಮೂರನೆಯದರಲ್ಲಿ ಗೆದ್ದ.

ಮಕ್ಕಳು ಕೆತ್ತಿದ ಐದು ಲಕ್ಷ ವಿಮಾನಗಳು

ಒಂದು ಕಾಲದಲ್ಲಿ ಇದು ಕೇವಲ ಹವ್ಯಾಸವಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಆಕಾಶದಲ್ಲಿ ವಿಮಾನ ಕಾಣಿಸಿದಾಗ ಕೆಳಗಿದ್ದವನು ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಬೇಕಿತ್ತು. ಇದು ನಮ್ಮದೋ, ಶತ್ರುವಿನದೋ? ತಪ್ಪಿದರೆ ನಮ್ಮವರ ಗುಂಡಿಗೆ ನಮ್ಮವರೇ ಬಲಿ. ಆದ್ದರಿಂದ 1942ರಲ್ಲಿ ಅಮೆರಿಕದ ನೌಕಾಪಡೆಯು ಅಲ್ಲಿನ ಶಾಲಾ ಮಕ್ಕಳಿಗೆ ಒಂದು ಕೆಲಸ ವಹಿಸಿತು. ಬೇರೆ ಬೇರೆ ದೇಶಗಳ ವಿಮಾನಗಳ ಐದು ಲಕ್ಷ ಮರದ ಮಾದರಿಗಳನ್ನು ಎಪ್ಪತ್ತೆರಡರಲ್ಲಿ ಒಂದರ ಅಳತೆಗೆ ಕೆತ್ತಿ ಕೊಡಬೇಕು. ಅವಕ್ಕೆಲ್ಲ ಕಪ್ಪು ಬಣ್ಣ. ಏಕೆಂದರೆ ಆಕಾಶದಲ್ಲಿ ಬಣ್ಣವಾಗಲಿ ಗುರುತಾಗಲಿ ಕಾಣುವುದಿಲ್ಲ, ಆಕಾರ ಮಾತ್ರ ಕಾಣುತ್ತದೆ.

ಮಾವನವರು ಇದನ್ನು ತಾರಸಿಯಲ್ಲೇ ತೋರಿಸಿದರು. ಮಾದರಿಯನ್ನು ಕಡ್ಡಿಗೆ ಸಿಕ್ಕಿಸಿ, ಮಗನನ್ನು ಮೂವತ್ತೈದು ಅಡಿ ದೂರದ ಮೂಲೆಯಲ್ಲಿ ನಿಲ್ಲಿಸಿದರು. ಮೂವತ್ತೈದನ್ನು ಎಪ್ಪತ್ತೆರಡರಿಂದ ಗುಣಿಸಿದರೆ ಎರಡೂವರೆ ಸಾವಿರ ಅಡಿ. ಅಂದರೆ ಮುಕ್ಕಾಲು ಕಿಲೋಮೀಟರ್ ದೂರದ ನಿಜವಾದ ವಿಮಾನ ಕಣ್ಣಿಗೆ ಎಷ್ಟು ಚಿಕ್ಕದಾಗಿ ಕಾಣುತ್ತದೋ ಅಷ್ಟೇ ಚಿಕ್ಕದಾಗಿ ಇದೂ ಕಾಣುತ್ತದೆ. ಬೇಕಿದ್ದರೆ ನೀವೂ ಮಾಡಿ ನೋಡಬಹುದು. ನೋಡಿದಷ್ಟು ಸಲವೂ ನನಗನಿಸುವುದು, ದೂರದಿಂದ ನೋಡಿ ತೀರ್ಪು ಕೊಡುವುದು ಎಷ್ಟು ಕಷ್ಟದ ಕೆಲಸ!

ಓಣಿಯಲ್ಲಿ ಕೇಳಿದ ಪ್ರಶ್ನೆ

ಸ್ಪಿಟ್‌ಫೈರ್ ಇನ್ನೂ ಬಣ್ಣ ಕಾಣದೆ ಬೆಳ್ಳಗಿದ್ದಾಗಲೇ ಮಗ ಅದನ್ನು ಹಿಡಿದು ಓಣಿಗೆ ಇಳಿದ. ಹತ್ತು ನಿಮಿಷದಲ್ಲಿ ಹಿಂದಿರುಗಿ ವಿಮಾನವನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತ. ಆಟದ ಗುಂಪಿನಲ್ಲಿದ್ದ ಹುಡುಗನೊಬ್ಬ, ಇದು ಯಾವ ದೇಶದ್ದೋ, ನಿಮ್ಮದಾ ಎಂದು ಕೇಳಿ ನಕ್ಕನಂತೆ. ಮಕ್ಕಳ ಮಾತು, ದೊಡ್ಡವರಿಂದ ಕೇಳಿದ್ದು ಬಾಯಿಗೆ ಬಂದಿರುತ್ತದೆ. ಆದರೂ ತಾಯಿಯ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ಹೋಗಿ ಜಗಳವಾಡಲೇ? ಮಗನಿಗೆ ಸಮಾಧಾನ ಹೇಳಲೇ?

ಮಾವನವರು ಎರಡನ್ನೂ ಮಾಡಲಿಲ್ಲ. ಯಾವ ದೇಶದ್ದೆಂದು ಹುಡುಕೋಣ ಬಾ ಎಂದು ಮಗನನ್ನು ಕರೆದರು. ಹುಡುಕಿದಾಗ ಸಿಕ್ಕಿದ ಉತ್ತರ ನಮ್ಮನ್ನೆಲ್ಲ ಬೆರಗುಗೊಳಿಸಿತು. ವಿಮಾನ ಬ್ರಿಟನ್ನಿನದು, ನಿಜ. ಆದರೆ 1941ರಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಆರಂಭವಾದ 129ನೇ ಸ್ಕ್ವಾಡ್ರನ್‌ನ ಹೆಸರು 'ಮೈಸೂರು ಸ್ಕ್ವಾಡ್ರನ್'. ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಈ ಹೆಸರು. ಅದು ಹಾರಿಸಿದ್ದು ಸ್ಪಿಟ್‌ಫೈರ್‌ಗಳನ್ನು. ಅದರ ಲಾಂಛನ ಯಾವುದು ಗೊತ್ತೇ? ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ದಿನಾ ಕಾಣುವ ಎರಡು ತಲೆಯ ಗಂಡಭೇರುಂಡ! ಇನ್ನು ಸ್ವಾತಂತ್ರ್ಯಾನಂತರ ನಮ್ಮ ಭಾರತೀಯ ವಾಯುಪಡೆಯೂ ಕೆಲ ವರ್ಷ ಇದೇ ವಿಮಾನವನ್ನು ಬಳಸಿತ್ತು. ಹಾಗಾದರೆ ಇದು ಯಾರ ವಿಮಾನ?

ಅಂದೇ ಮಾವನವರು ಏರ್ ಚೀಫ್ ಮಾರ್ಷಲ್ ಇದ್ರೀಸ್ ಹಸನ್ ಲತೀಫ್ ಅವರ ಕಥೆಯನ್ನೂ ಹೇಳಿದರು. ಹೈದರಾಬಾದಿನಲ್ಲಿ 1923ರಲ್ಲಿ ಹುಟ್ಟಿದ ಲತೀಫ್ 1942ರಲ್ಲಿ ವಾಯುಪಡೆ ಸೇರಿ, ಬರ್ಮಾದ ಕದನದಲ್ಲಿ ಹರಿಕೇನ್ ಯುದ್ಧವಿಮಾನ ಹಾರಿಸಿದವರು. 1947ರಲ್ಲಿ ದೇಶ ವಿಭಜನೆಯಾದಾಗ ಅತ್ತ ಹೋಗಲು ಅವಕಾಶವಿದ್ದರೂ ಇದೇ ನನ್ನ ದೇಶವೆಂದು ಇಲ್ಲೇ ಉಳಿದರು. 1978ರಿಂದ 1981ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದು, ಬಳಿಕ ಮಹಾರಾಷ್ಟ್ರದ ರಾಜ್ಯಪಾಲರಾದರು. 2018ರಲ್ಲಿ ನಿಧನರಾದರು. ಅವರ ಪತ್ನಿ ಬಿಲ್ಕೀಸ್ ಲತೀಫ್ ಕೊಳೆಗೇರಿಗಳ ಮಹಿಳೆಯರು ಮತ್ತು ಮಕ್ಕಳಿಗಾಗಿ ದುಡಿದು 2009ರಲ್ಲಿ ಪದ್ಮಶ್ರೀ ಪಡೆದವರು.

ಮಗ ಏನೂ ಹೇಳಲಿಲ್ಲ. ಆದರೆ ಮುಂದಿನ ಭಾನುವಾರ ಸ್ಪಿಟ್‌ಫೈರ್‌ನ ರೆಕ್ಕೆಗಳ ಮೇಲೆ ಕೇಸರಿ, ಬಿಳಿ, ಹಸಿರಿನ ವೃತ್ತವನ್ನು ಉಸಿರು ಬಿಗಿಹಿಡಿದು ಬರೆದ. ಮಾವನವರು ಓಣಿಯ ಆ ಹುಡುಗನನ್ನೂ ಮೇಲೆ ಕರೆದು ಒಂದು ಉಪ್ಪುಕಾಗದ ಕೈಗಿತ್ತರು.

ಬೆಂಗಳೂರಿನ ಮರದ ಮಾರುತ

ಮುಂದಿನ ವಿಮಾನ ಯಾವುದಾಗಬೇಕೆಂಬ ಚರ್ಚೆ ಬಂದಾಗ ನಮ್ಮ ಊರಿನದೇ ಆಗಲಿ ಎಂದು ತೀರ್ಮಾನವಾಯಿತು. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರಕಾರದ ಸಹಕಾರದೊಂದಿಗೆ ಕಟ್ಟಿದ ವಿಮಾನ ಕಾರ್ಖಾನೆಯೇ ಮುಂದೆ ಎಚ್ಎಎಲ್ ಆಯಿತು. ಜರ್ಮನಿಯ ತಜ್ಞ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ಇಲ್ಲಿಗೆ ಬಂದು ಭಾರತದ ಮೊದಲ ಜೆಟ್ ಯುದ್ಧವಿಮಾನ 'ಮಾರುತ'ದ ವಿನ್ಯಾಸ ಆರಂಭಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ಲೋಹದ ಮಾರುತ ಹಾರುವ ಮೊದಲು ಎಚ್ಎಎಲ್‌ನವರು ಅಷ್ಟೇ ಉದ್ದ, ಅಷ್ಟೇ ಅಗಲದ ಮಾರುತವನ್ನು ಮರದಲ್ಲಿ ಮಾಡಿದರು. ಎಪ್ಪತ್ತೆರಡರಲ್ಲಿ ಒಂದಲ್ಲ, ಪೂರ್ಣ ಗಾತ್ರದ್ದು! ಅದಕ್ಕೆ ಎಂಜಿನ್ ಇರಲಿಲ್ಲ. ಇಬ್ಬರು ಕುಳಿತುಕೊಳ್ಳಬಹುದಾದ ಆ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿದ್ದರು. ಹೀಗೆ 86 ಬಾರಿ ಅದು ಹಾರಿತು. ರೆಕ್ಕೆಯ ವಿನ್ಯಾಸ ಸರಿಯಿದೆಯೇ, ತಿರುವಿದರೆ ತಿರುಗುತ್ತದೆಯೇ, ಇಳಿಯುವಾಗ ಹೇಗೆ ವರ್ತಿಸುತ್ತದೆ ಎಂಬುದನ್ನೆಲ್ಲ ಕಲಿಸಿದ್ದು ಆ ಮರದ ಹಕ್ಕಿ. ಕೊನೆಗೆ ಇಳಿಯುವ ವೇಳೆ ಮುಂದಿನ ಚಕ್ರ ಹೊರಬಾರದೆ ಅಪಘಾತಕ್ಕೀಡಾಗಿ ಅದರ ಕೆಲಸ ಮುಗಿಯಿತು.

ಈ ವಿಷಯ ತಿಳಿದಾಗ ಮಾವನವರ ಮುಖ ನೋಡಬೇಕಿತ್ತು. ಎರಕಕ್ಕೆ ಮೊದಲು ಪ್ಯಾಟರ್ನ್ ಬೇಕೆಂದು ಜೀವನವಿಡೀ ಹೇಳಿಕೊಂಡು ಬಂದವರಲ್ಲವೇ!

ಲೋಹದ ಮಾರುತ 1961ರ ಜೂನ್‌ನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ಸುರಂಜನ್ ದಾಸ್. 1971ರ ಯುದ್ಧದಲ್ಲಿ ಮಾರುತಗಳು ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿದವು. ಅದನ್ನು ನೋಡಲು ದಾಸ್ ಇರಲಿಲ್ಲ. 1970ರ ಜನವರಿಯಲ್ಲಿ ಇದೇ ಮಾರುತದ ಪರೀಕ್ಷಾ ಹಾರಾಟದಲ್ಲಿ ಅವರು ಪ್ರಾಣ ಕಳೆದುಕೊಂಡಿದ್ದರು. ಬೆಂಗಳೂರಿನ ಪೂರ್ವ ಭಾಗದಲ್ಲಿ ಅವರ ಹೆಸರಿನ ರಸ್ತೆ ಇದೆ. ಎಷ್ಟೋ ಬಾರಿ ಆಟೋದಲ್ಲಿ ಆ ರಸ್ತೆಯಲ್ಲಿ ಹೋಗಿದ್ದರೂ ಅದು ಯಾರ ಹೆಸರೆಂದು ನಾನು ಕೇಳಿಕೊಂಡಿರಲಿಲ್ಲ.

ಅಳತೆ ಖಚಿತಪಡಿಸಿಕೊಳ್ಳಲು ಮಕ್ಕಳನ್ನು ವಿಜಯನಗರದಿಂದ ಮೆಟ್ರೋದಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಕರೆದೊಯ್ದು ಅಲ್ಲಿನ ಮಾರುತವನ್ನು ತೋರಿಸಿದೆವು. ಬಿಸಿಲಿನಲ್ಲಿ ನಿಂತಿದ್ದ ಆ ವಿಮಾನದ ಕೆಳಗೆ ಮಗಳು ಬಹಳ ಹೊತ್ತು ತಲೆಯೆತ್ತಿ ನೋಡುತ್ತಿದ್ದಳು.

ಒಳಗೆ ಯಾರೂ ಇಲ್ಲ

ಮನೆಗೆ ಬಂದವಳೇ ಕೇಳಿದಳು, ದಾದಾ, ನಿಮ್ಮ ವಿಮಾನದೊಳಗೆ ಯಾರೂ ಇಲ್ಲವಲ್ಲ? ಅಲ್ಲಿಯವರೆಗೆ ಚಾಲಕ ಕೂರುವ ಜಾಗಕ್ಕೆ ಕಪ್ಪು ಬಣ್ಣ ಬಳಿದು ಬಿಡುತ್ತಿದ್ದರು. ಆರು ಅಡಿಯ ಮನುಷ್ಯ ಇಲ್ಲಿ ಒಂದು ಇಂಚು. ಕುಳಿತರೆ ಅದಕ್ಕಿಂತಲೂ ಕಡಿಮೆ. ಅಷ್ಟು ಸಣ್ಣದನ್ನು ಕೆತ್ತಲು ಮಾವನವರ ಕಣ್ಣು ಈಗ ಸಾಲದು. ನಾನು ಮಾಡುತ್ತೇನೆಂದು ಮಗಳು ಹಟ ಹಿಡಿದಳು. ಆಲೆ ಮರದ ಚೂರಿನಲ್ಲಿ, ಅಜ್ಜ ಪಕ್ಕದಲ್ಲಿ ಕುಳಿತು ಮಾರ್ಗದರ್ಶನ ಮಾಡುತ್ತಿರಲು, ನಾಲ್ಕು ಭಾನುವಾರ ಕಷ್ಟಪಟ್ಟು ಒಂದು ತಲೆ, ಎರಡು ಭುಜ ಮಾಡಿದಳು.

ಆ ಪುಟ್ಟ ಮನುಷ್ಯ ವಿಮಾನದೊಳಗೆ ಕುಳಿತ ದಿನ ನನ್ನ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ಅಲ್ಲಿಯವರೆಗೆ ಅದು ಯಂತ್ರವಾಗಿತ್ತು. ಈಗ ಅದರಲ್ಲಿ ಒಬ್ಬ ತಾಯಿಯ ಮಗ ಇದ್ದಾನೆ. ಮಕ್ಕಳ ಪ್ರಶ್ನೆಗಳೂ ಬದಲಾದವು. ಎಷ್ಟು ವೇಗ, ಎಷ್ಟು ಬಾಂಬು ಎಂಬುದು ಹೋಗಿ, ಇವರು ಮನೆಗೆ ವಾಪಸು ಬಂದರಾ ಎಂದು ಕೇಳತೊಡಗಿದರು. ಕೆಳಗಿದ್ದವರಿಗೆ ಏನಾಯಿತು ಎಂದೂ ಕೇಳಿದರು.

ವಾಪಸು ಬಾರದವರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಒಬ್ಬರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಹಿಂದಿರುಗಲಿಲ್ಲ. ಅವರಿಗೆ ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ತನಗಿಂತ ಬಹಳ ವೇಗದ ಶತ್ರುವಿಮಾನವನ್ನು ಎದುರಿಸಿ ಅದನ್ನೂ ಉರುಳಿಸಿ ಅವರು ಮಡಿದರೆಂಬ ವಿವರ ಎಷ್ಟೋ ವರ್ಷಗಳ ನಂತರ ಆ ಕಡೆಯ ವೃತ್ತಾಂತದಿಂದ ಹೊರಬಂತು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಇಪ್ಪತ್ತಮೂರು ವರ್ಷ ಒಂದು ಮನೆ ಕಾದಿತ್ತು. ಕೊನೆಗೆ ಅವರ ಶೌರ್ಯದ ಸುದ್ದಿ ತಿಳಿದದ್ದು ಎದುರಾಳಿಯ ಕಡೆಯಿಂದ. ಈ ಸಂಗತಿ ಕೇಳಿ ನಾವೆಲ್ಲ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹುಡುಗಿಯರೂ ಇದನ್ನು ಹಾರಿಸುತ್ತಾರಾ ಎಂದು ಮಗಳು ಕೇಳಿದಳು. ಎರಡನೇ ಮಹಾಯುದ್ಧದಲ್ಲೇ ಬ್ರಿಟನ್ನಿನ ನೂರಕ್ಕೂ ಹೆಚ್ಚು ಮಹಿಳೆಯರು ಕಾರ್ಖಾನೆಯಿಂದ ವಾಯುನೆಲೆಗೆ ಹೊಸ ವಿಮಾನಗಳನ್ನು ಹಾರಿಸಿ ತಲುಪಿಸುತ್ತಿದ್ದರು. ನಮ್ಮ ವಾಯುಪಡೆಯಲ್ಲಿ 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕರಾದರು. ತನ್ನ ಒಂದು ಇಂಚಿನ ಮನುಷ್ಯ ಗಂಡೋ ಹೆಣ್ಣೋ ಎಂದು ಮಗಳು ಈವರೆಗೆ ಹೇಳಿಲ್ಲ!

ಮನೆಯಲ್ಲಿ ಆರಂಭಿಸುವುದಾದರೆ

ಇದಕ್ಕೆ ದೊಡ್ಡ ಖರ್ಚಿಲ್ಲ. ಮೃದುವಾದ ಮರದ ತುಂಡು, ಸಣ್ಣ ಗರಗಸ, ಒಂದು ಅರ, ಮೂರು ಬಗೆಯ ಉಪ್ಪುಕಾಗದ, ಮರದ ಅಂಟು, ಶಾಲೆಯ ಬಣ್ಣದ ಡಬ್ಬಿ ಸಾಕು. ಚಿಕ್ಕ ಮಕ್ಕಳಿಗೆ ಚಾಕು, ಉಳಿ ಕೊಡಬೇಡಿ. ಅವರ ಪಾಲಿಗೆ ಉಜ್ಜುವ ಕೆಲಸ ಇರಲಿ. ಕೊಯ್ಯುವಾಗ ದೊಡ್ಡವರು ಪಕ್ಕದಲ್ಲೇ ಇರಬೇಕು, ಮರವನ್ನು ಕೈಯಲ್ಲಿ ಹಿಡಿಯದೆ ಮೇಜಿಗೆ ಬಿಗಿದಿರಬೇಕು. ಉಜ್ಜುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಗಾಳಿಯಾಡುವ ಜಾಗದಲ್ಲಿ ಕೂರಲಿ. ಮನೆಯಲ್ಲಿ ಉಬ್ಬಸದವರಿದ್ದರೆ ಇನ್ನೂ ಎಚ್ಚರ ಬೇಕು. ಮುಖ್ಯವಾಗಿ ಮನೆಯ ಹಿರಿಯರನ್ನು ಜೊತೆಗೆ ಕೂರಿಸಿ. ಅವರ ಕೈಯಲ್ಲಿರುವ ವಿದ್ಯೆ ಯಾವುದೆಂದು ನಾವು ಎಷ್ಟೋ ಬಾರಿ ಕೇಳಿಯೇ ಇರುವುದಿಲ್ಲ.

ಕಳೆದ ಭಾನುವಾರ ಚಹಾ ಕೊಡಲು ಮೇಲೆ ಹೋದೆ. ಮೇಜಿನ ಸುತ್ತ ಈಗ ನಾಲ್ವರು. ಓಣಿಯ ಆ ಹುಡುಗ ತನ್ನದೇ ಮಾರುತದ ರೆಕ್ಕೆ ಉಜ್ಜುತ್ತಿದ್ದ. ಸ್ವಲ್ಪ ಉಜ್ಜಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ ಮತ್ತೆ ಉಜ್ಜುತ್ತಿದ್ದ. ನನ್ನ ಮಗಳು ಅವನ ಪಕ್ಕದಲ್ಲಿ ಕುಳಿತು ಆಲೆ ಮರದ ಚೂರು ಹುಡುಕುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, ಅವನ ವಿಮಾನಕ್ಕೂ ಒಬ್ಬರು ಬೇಕಲ್ಲ ಅಮ್ಮಿ ಎಂದಳು.